ಬಾಯಿಗೆ ಪ್ರಾರ್ಥನೆಯೇ ಬರ್ತಿಲ್ಲ. ಇಂಥ ಹೊತ್ತಲ್ಲಿ ನಿಮಗೆಲ್ಲ ಬಲ ಎಲ್ಲಿಂದ ಬಂತು?

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ತಿದ್ದೆ, ಇವತ್ತು ಬರೀತಿದೀನಿ.

ನಮ್ಮದು ತೀರ್ಥಹಳ್ಳಿ ಕಡೆ ಸಣ್ಣ ಅಡಿಕೆ ತೋಟ. ಮನೆಮಾತು ಕೊಂಕಣಿ, ಅಜ್ಜನ ಕಾಲದಲ್ಲಿ ಘಟ್ಟದ ಕೆಳಗಿಂದ ಬಂದವರು. ಈ ವರ್ಷ ಮಳೆ ಹೇಗೆ ಹಿಡೀತು ಅಂತ ನಿಮಗೆ ಹೇಳೋದೇ ಬೇಡ. ಎರಡನೇ ಸಲದ ಕೊಳೆ ರೋಗದ ಔಷಧಿ ಹೊಡೆಯೋಕೆ ಮರ ಹತ್ತೋ ಕೊನೆಗಾರರು ಇವತ್ತು ಬರ್ತೀವಿ ನಾಳೆ ಬರ್ತೀವಿ ಅಂತಾನೇ ದಿನ ತಳ್ಳಿದ್ರು. ಒಂದು ಬೆಳಿಗ್ಗೆ ಸ್ವಲ್ಪ ಹೊಳವಾಯ್ತು ಅಂತ ನಮ್ಮನೆಯವರೇ ಕಾಲಿಗೆ ತಳೆ ಹಾಕ್ಕೊಂಡು ಹತ್ತಿದ್ರು. ಪಾಚಿ ಕಟ್ಟಿದ ಮರ. ಮುಂದಿನದ್ದು ನೀವೇ ಊಹಿಸ್ಕೊಳ್ಳಿ. ಬೆನ್ನುಹುರಿಗೆ ಪೆಟ್ಟು. ಆಪರೇಷನ್ ಆಗಿದೆ. ಸೊಂಟದಿಂದ ಕೆಳಗೆ ಏನೂ ಗೊತ್ತಾಗಲ್ಲ. ಡಾಕ್ಟ್ರು ‘ನೋಡೋಣ’ ಅಂದ್ರು. ಆ ‘ನೋಡೋಣ’ ಹೇಗಿತ್ತು ಅಂದ್ರೆ ನಾನು ಇನ್ನೊಂದ್ಸಲ ಕೇಳೋಕೆ ಹೋಗ್ಲಿಲ್ಲ. ಈಗ ಮನೇಲಿದಾರೆ. ಮುಖ ಗೋಡೆ ಕಡೆ ಮಾಡ್ಕೊಂಡಿರ್ತಾರೆ, ಮಾತು ಕಮ್ಮಿ.

ನಮ್ಮನೇಲಿ ಸಂಜೆ ತೇರ್ಸ್, ಅಂದ್ರೆ ಜಪಸರದ ಪ್ರಾರ್ಥನೆ, ತಪ್ಪಿದ್ದೇ ಇಲ್ಲ. ಈಗ ಜಪಸರ ಕೈಗೆ ತಗೊಂಡು ‘ನಮಾನ್ ಮರಿಯೆ’ ಅಂತೀನಿ, ಅಲ್ಲಿಗೇ ಬಾಯಿ ಕಟ್ಟುತ್ತೆ. ಅಳುನೂ ಬರಲ್ಲ. ನೋಡೋಕೆ ಬಂದವರೊಬ್ಬರು ‘ದೇವರು ತನಗೆ ಬೇಕಾದವರನ್ನೇ ಪರೀಕ್ಷೆ ಮಾಡೋದು’ ಅಂದ್ರು. ಇನ್ನೊಬ್ಬರು ‘ಯಾವುದಾದ್ರೂ ಹರಕೆ ಬಾಕಿ ಇದ್ಯಾ ನೆನಪು ಮಾಡ್ಕೊ’ ಅಂದ್ರು. ಇಬ್ಬರಿಗೂ ಚಾ ಕೊಟ್ಟು ಕಳಿಸಿದೆ. ಮತ್ತೇನು ಮಾಡೋದು.

ನನ್ನ ಪ್ರಶ್ನೆ ಇಷ್ಟೆ. ಉಪದೇಶ ಬೇಡ. ನಿಮ್ಮ ಮನೆ ಮೇಲೆ ಹೀಗೆ ಬಂಡೆ ಬಿದ್ದಾಗ ನಂಬಿಕೆ ನಿಜವಾಗ್ಲೂ ಕೈ ಹಿಡೀತಾ? ಹಿಡಿದಿದ್ರೆ ಹೇಗೆ?

ವಾರ್ಡ್ ಸಿಸ್ಟರ್

ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಕೊಡೋರು ಬೇರೆಯವರು ಬರ್ತಾರೆ. ನಾನು ನರ್ಸ್, ಅದಕ್ಕೆ ಮೊದಲು ಇದನ್ನ ಹೇಳಿಬಿಡ್ತೀನಿ, ತಡ ಆದ್ರೆ ಕಷ್ಟ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ತಿದೀರಾ? ರಾತ್ರಿನೂ? ಸೊಂಟದ ಹಿಂದೆ, ಹಿಮ್ಮಡಿ, ಪಕ್ಕದ ಮೂಳೆ ಮೇಲೆ ಚರ್ಮ ಕೆಂಪಾಗಿದ್ಯಾ ದಿನಾ ಟಾರ್ಚ್ ಹಾಕಿ ನೋಡಿ. ಅವರಿಗೆ ನೋವು ಗೊತ್ತಾಗಲ್ಲ, ಆದ್ದರಿಂದ ನಿಮ್ಮ ಕಣ್ಣೇ ಅವರ ಚರ್ಮ. ಹುಣ್ಣು ಒಮ್ಮೆ ಆಳಕ್ಕಿಳಿದ್ರೆ ತಿಂಗಳುಗಟ್ಟಲೆ ಒಣಗಲ್ಲ. ಮೂತ್ರದ ನಳಿಕೆ ಮುಟ್ಟೋ ಮುಂಚೆ ಸೋಪು ಹಾಕಿ ಕೈ ತೊಳೀರಿ. ಜ್ವರ, ಚಳಿ, ಮೂತ್ರ ಕದಡಿದ ಹಾಗೆ ಆದ್ರೆ ಅವತ್ತೇ ತೋರಿಸಿ. ಏರ್ ಬೆಡ್ ಇಲ್ಲದಿದ್ರೆ ಹೇಳಿ.

ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದ್ರೆ ಪ್ಯಾಕೇಜಿನ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಅಂಗವೈಕಲ್ಯದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ, ಮುಂದೆ ಎಲ್ಲದಕ್ಕೂ ಅದನ್ನೇ ಕೇಳ್ತಾರೆ.

ನೀವು ನಿದ್ದೆ ಮಾಡ್ತಿದೀರಾ ಅಂತ ಯಾರಾದ್ರೂ ಕೇಳಿದ್ರಾ?

ತೋಟದಮನೆ, ತೀರ್ಥಹಳ್ಳಿ

ಇಲ್ಲ ಸಿಸ್ಟರ್. ಯಾರೂ ಕೇಳಿರಲಿಲ್ಲ. ನೀವು ಕೇಳಿದ್ದು ನೋಡಿ ಅಳು ಬಂತು.

ಹಳೇ ಮೇಷ್ಟ್ರು

ತಂಗಿ, ನಾನು ಶಾಲೆಯಲ್ಲಿ ಕನ್ನಡ, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸಿದವನು. ನೀವು ಉಪದೇಶ ಬೇಡ ಎಂದಿದ್ದೀರಿ, ಹಾಗಾಗಿ ಎರಡು ಸಂಗತಿ ತಿಳಿಸಿ ಸುಮ್ಮನಾಗುತ್ತೇನೆ.

ಪ್ರಾರ್ಥನೆ ಬರುತ್ತಿಲ್ಲ ಎಂದಿರಿ. ಬೈಬಲ್ಲಿನ 88ನೇ ಕೀರ್ತನೆಯನ್ನು ತೆಗೆದು ನೋಡಿ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಗೋಳೇ. ಅವುಗಳಲ್ಲಿ ಬಹುಪಾಲು ಅತ್ತು ಕರೆದು ಕೊನೆಗೆ ‘ಆದರೂ ನಿನ್ನನ್ನು ನಂಬಿದ್ದೇನೆ’ ಎನ್ನುವಲ್ಲಿಗೆ ಬಂದು ನಿಲ್ಲುತ್ತವೆ. 88ನೆಯದು ಹಾಗೆ ಬರುವುದಿಲ್ಲ. ಕತ್ತಲೆ ಎಂಬಲ್ಲಿಗೆ ಮುಗಿದುಹೋಗುತ್ತದೆ. ಯಾಕೆ ನನ್ನಿಂದ ಮುಖ ಮರೆಮಾಡಿಕೊಂಡಿದ್ದೀ ಎಂದು ದೇವರನ್ನೇ ನಿಲ್ಲಿಸಿ ಕೇಳುತ್ತದೆ. ಅದನ್ನು ಯಾರೂ ಬೈಬಲ್ಲಿನಿಂದ ತೆಗೆದುಹಾಕಲಿಲ್ಲ. ಯೇಸು ಶಿಲುಬೆಯ ಮೇಲೆ ‘ಯಾಕೆ ನನ್ನನ್ನು ಕೈಬಿಟ್ಟೆ’ ಎಂದು ಕೂಗಿದ್ದೂ ತನ್ನ ಮಾತಲ್ಲ, 22ನೇ ಕೀರ್ತನೆಯ ಮೊದಲ ಸಾಲು. ಸ್ವಂತ ಮಾತು ಬಾರದಾಗ ಅವರೂ ಹಿರಿಯರ ಗೋಳನ್ನೇ ಎರವಲು ತೆಗೆದುಕೊಂಡರು. ನಿಮಗೂ ಅದು ಸಾಕು.

ಎರಡನೆಯದು, ಬೈಬಲ್ಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು. ಬಂದವರು ಏಳು ಹಗಲು ಏಳು ರಾತ್ರಿ ಒಂದೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕುಳಿತರು. ಅಲ್ಲಿಯವರೆಗೆ ಸರಿಯಾಗಿಯೇ ಇದ್ದರು. ಬಾಯಿ ಬಿಟ್ಟ ಮೇಲೆ ಕೆಟ್ಟರು. ‘ಏನೋ ತಪ್ಪು ಮಾಡಿರಬೇಕು ನೋಡು’ ಎಂದು ನೂರು ಬಗೆಯಲ್ಲಿ ಹೇಳಿದರು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಅಷ್ಟು ಹೊತ್ತು ಜಗಳಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಆ ಗೆಳೆಯರ ಮೇಲೆ. ಹರಕೆ ಬಾಕಿ ಇದೆಯೇ ಎಂದವರಿಗೆ ಇನ್ನೊಮ್ಮೆ ಚಹಾ ಕೊಡುವ ಅಗತ್ಯವಿಲ್ಲ.

ಭದ್ರಾವತಿಯ ಸಾಕ್ಷಿ

ಕರ್ತನ ನಾಮದಲ್ಲಿ ವಂದನೆಗಳು ಸಹೋದರಿ. ಮೇಷ್ಟ್ರು ಹೇಳಿದ್ದು ಸರಿ ಇರಬಹುದು, ಆದರೆ ಬರೀ ಗೋಳು ಹಾಡ್ತಾ ಕೂತರೆ ಮನಸ್ಸು ಇನ್ನೂ ಕೆಳಗೆ ಹೋಗುತ್ತೆ ಅನ್ನೋದು ನನ್ನ ಅನುಭವ. ನಮ್ಮ ಮನೆಯವರು ಕೆಲಸ ಮಾಡ್ತಿದ್ದ ಕಾರ್ಖಾನೆ ನಿಂತಾಗ ಸಂಬಳ ಇಲ್ಲ, ಮಗಳ ಫೀಸು ಇಲ್ಲ. ನಾನು ಸಿಟ್ಟಲ್ಲಿ ಸಭೆಗೆ ಹೋಗೋದೇ ಬಿಟ್ಟೆ. ನಮ್ಮ ಪಾಸ್ಟರಮ್ಮ ಮನೆಗೆ ಬಂದು ‘ನೀನು ಹಾಡಬೇಡ, ನಾವು ಹಾಡ್ತೀವಿ, ನೀನು ಅಡಿಗೆ ಮನೇಲಿ ಕೆಲಸ ಮಾಡ್ಕೊಂಡಿರು’ ಅಂದ್ರು. ಪ್ರತಿ ಶುಕ್ರವಾರ ಬಂದು ಹಾಡಿ ಹೋಗ್ತಿದ್ರು. ಹೋಗುವಾಗ ಬಾಗಿಲ ಹತ್ತಿರ ಒಂದು ಚೀಲ ಅಕ್ಕಿ ಇರ್ತಿತ್ತು, ಯಾರು ಇಟ್ಟಿದ್ದು ಅಂತ ಕೇಳಿದ್ರೆ ಯಾರೂ ಹೇಳ್ತಿರಲಿಲ್ಲ.

ಪೌಲ, ಸೀಲರು ಫಿಲಿಪ್ಪಿಯ ಜೈಲಲ್ಲಿ ಬೆನ್ನಿಗೆ ಏಟು ತಿಂದು, ಕಾಲಿಗೆ ಕೋಳ ಹಾಕಿಸ್ಕೊಂಡು, ಮಧ್ಯರಾತ್ರಿಯಲ್ಲಿ ಹಾಡಿದ್ರು. ಜೈಲಿನ ಬಾಗಿಲು ತೆರೀತು. ಯಾಕೋಬನ ಪತ್ರಿಕೆ 5ನೇ ಅಧ್ಯಾಯ ಓದಿ, ಕಾಯಿಲೆಯಾದವನು ಸಭೆಯ ಹಿರಿಯರನ್ನ ಕರೆಸಲಿ, ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತಿದೆ. ನೀವು ಒಪ್ಪಿದ್ರೆ ನಮ್ಮ ಪ್ರಾರ್ಥನಾ ತಂಡ ಬರುತ್ತೆ. ದೇವರಿಗೆ ಅಸಾಧ್ಯ ಅನ್ನೋದು ಇಲ್ಲ. ಅವರು ಎದ್ದು ನಡೀತಾರೆ ಅಂತ ನನಗೆ ನಂಬಿಕೆ ಇದೆ.

ಸಾಗರದ ಸಂದೇಹಿ

ಜೈಲಿನ ಬಾಗಿಲು ತೆರೆದ ಕತೆ ಎಲ್ಲರೂ ಹೇಳ್ತಾರೆ. ಆ ಕತೆ ಇರೋ ಅಪೊಸ್ತಲರ ಕೃತ್ಯಗಳು ಪುಸ್ತಕದ್ದೇ 12ನೇ ಅಧ್ಯಾಯ ಯಾರೂ ಪೂರ್ತಿ ಓದಲ್ಲ. ಹೆರೋದ ರಾಜ ಯೇಸುವಿನ ಶಿಷ್ಯ, ಯೋಹಾನನ ಅಣ್ಣ ಯಾಕೋಬನ ತಲೆ ಕತ್ತಿಯಿಂದ ಹೊಡೆಸ್ತಾನೆ. ಒಂದೇ ಸಾಲು, ಮುಗೀತು. ಆಮೇಲೆ ಪೇತ್ರನನ್ನ ಹಿಡೀತಾನೆ, ದೇವದೂತ ಬಂದು ಸರಪಳಿ ಬಿಚ್ಚಿ ಹೊರಗೆ ಕರ್ಕೊಂಡು ಹೋಗ್ತಾನೆ. ಅದೇ ಊರು, ಅದೇ ಸಭೆ, ಅವೇ ಪ್ರಾರ್ಥನೆ. ಒಬ್ಬ ಸತ್ತ, ಒಬ್ಬ ಬಂದ. ಯಾಕೋಬನ ಅಮ್ಮ ಪೇತ್ರ ಬಿಡುಗಡೆಯಾದ ಸಾಕ್ಷಿ ಕೇಳ್ತಾ ಎಲ್ಲಿ ಕೂತಿದ್ಲು?

ನಾನು ಹೀಗೆ ಯಾಕೆ ಮಾತಾಡ್ತೀನಿ ಅಂದ್ರೆ, 2019ರಲ್ಲಿ ನಮ್ಮ ಅಣ್ಣ ಮಂಗನ ಕಾಯಿಲೆಯಲ್ಲಿ ಹೋದ. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ, ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಗುರುತಿಸಿದ ಕಾಯಿಲೆ, ಊರ ಹೆಸರನ್ನೇ ಜಗತ್ತಿಗೆ ಕೊಟ್ಟಿದ್ದೀವಿ. ಆ ವರ್ಷ ಅರಲಗೋಡು ಸುತ್ತಮುತ್ತ ಎಷ್ಟು ಮನೇಲಿ ಹೆಣ ಬಿತ್ತು ಅಂತ ಇಲ್ಲಿರೋರಿಗೆ ನೆನಪಿರುತ್ತೆ. ಅಣ್ಣ ದರಗು (ಒಣ ಎಲೆ) ತರೋಕೆ ಕಾಡಿಗೆ ಹೋಗಿದ್ದ, ಉಣುಗು (ಉಣ್ಣೆ ಹುಳ) ಕಚ್ಚಿತ್ತು. ಜ್ವರ, ತಲೆನೋವು, ಆಮೇಲೆ ರಕ್ತ. ಉಪವಾಸ ಪ್ರಾರ್ಥನೆ ಎಲ್ಲ ಆಯ್ತು. ಮಣ್ಣು ಮಾಡುವಾಗ ‘ಒಳ್ಳೆ ಹೂವನ್ನ ದೇವರು ಬೇಗ ಕೊಯ್ಕೊಳ್ತಾನೆ’ ಅಂತ ಪ್ರಸಂಗ. ಅತ್ತಿಗೆ ಆರು ತಿಂಗಳ ಕೂಸು ಎತ್ಕೊಂಡು ನಿಂತಿದ್ರು. ಅವತ್ತಿಂದ ನಾನು ಒಳಗೆ ಕಾಲಿಟ್ಟಿಲ್ಲ.

ಅಕ್ಕ, ನಿಮ್ಮನ್ನ ನಂಬಿಕೆಯಿಂದ ದೂರ ಮಾಡೋಕೆ ಬಂದಿಲ್ಲ. ಆದ್ರೆ ‘ಎದ್ದು ನಡೀತಾರೆ’ ಅನ್ನೋ ಮಾತನ್ನ ಆ ಮನುಷ್ಯನ ಕಿವಿಗೆ ಹಾಕೋಕೆ ಮುಂಚೆ ಎರಡು ಸಲ ಯೋಚನೆ ಮಾಡಿ. ಅವರು ನಡೆಯದಿದ್ರೆ ತಪ್ಪು ಯಾರದ್ದು ಅಂತ ಹೇಳ್ತಾರೆ? ನಿಮ್ಮ ನಂಬಿಕೆ ಕಮ್ಮಿ ಆಯ್ತು ಅಂತಾರೆ.

ಭದ್ರಾವತಿಯ ಸಾಕ್ಷಿ

ಸಹೋದರ, ನಿಮ್ಮ ಅಣ್ಣನ ವಿಷಯ ಓದಿ ಕಣ್ಣು ತುಂಬಿತು. ನಾನು ಯಾರ ನಂಬಿಕೆಯನ್ನೂ ಅಳೆಯಲ್ಲ. ಆದರೆ ಕೇಳೋದನ್ನೇ ಬಿಡಿ ಅಂದ್ರೆ ನನ್ನಿಂದ ಆಗಲ್ಲ. ಮಗು ತಾಯಿ ಹತ್ರ ಕೇಳದೆ ಇನ್ಯಾರ ಹತ್ರ ಕೇಳುತ್ತೆ?

ಹಳೇ ಮೇಷ್ಟ್ರು

ಸಂದೇಹಿಗಳೇ, 12ನೇ ಅಧ್ಯಾಯವನ್ನು ಅಷ್ಟು ಸರಿಯಾಗಿ ಓದಿದವರು ನಮ್ಮ ಪೀಠದ ಮೇಲೂ ಕಡಿಮೆ. ಆ ಪುಸ್ತಕ ಬರೆದ ಲೂಕ ಎರಡನ್ನೂ ಬರೆದು, ಯಾಕೆ ಹೀಗಾಯಿತು ಎಂದು ಒಂದಕ್ಷರ ವಿವರಿಸದೆ ಮುಂದೆ ಹೋಗುತ್ತಾನೆ. ಅದೇ ಲೂಕನ ಸುವಾರ್ತೆ 13ರಲ್ಲಿ ಸಿಲೋವದ ಬುರುಜು ಬಿದ್ದು 18 ಜನ ಸತ್ತ ಮಾತು ಬರುತ್ತದೆ. ಅದು ಶುದ್ಧ ಅಪಘಾತ, ಈಗ ಸೇತುವೆ ಕುಸಿದ ಹಾಗೆ. ಅವರು ಉಳಿದವರಿಗಿಂತ ಪಾಪಿಗಳೆಂದು ಭಾವಿಸುತ್ತೀರೋ, ಅಲ್ಲ ಎಂದು ಯೇಸು ಕಡ್ಡಿ ಮುರಿದಂತೆ ಹೇಳುತ್ತಾರೆ. ಹುಟ್ಟು ಕುರುಡನನ್ನು ತೋರಿಸಿ ಇದು ಇವನ ಪಾಪವೋ ತಂದೆತಾಯಿಯದ್ದೋ ಎಂದು ಶಿಷ್ಯರು ಕೇಳಿದಾಗಲೂ ಅದೇ ಉತ್ತರ. ಹೂವು ಕೊಯ್ಯುವ ದೇವರು ಅಲ್ಲೆಲ್ಲೂ ಇಲ್ಲ. ನಿಮ್ಮ ಅತ್ತಿಗೆಯ ಮುಂದೆ ಆ ಮಾತು ಬರಬಾರದಿತ್ತು.

ಇಷ್ಟು ಹೇಳಿದರೂ ನಿಮ್ಮ ಪ್ರಶ್ನೆ ಹಾಗೇ ಉಳಿದಿದೆ ಎಂಬುದು ನನಗೆ ಗೊತ್ತು.

ಬೆಂಗಳೂರಿನಲ್ಲಿರೋ ಶಿವಮೊಗ್ಗದವಳು

ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದಾಗ ನಾನು ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದ ಕೊನೇ ಬೆಂಚಲ್ಲಿ ಹೋಗಿ ಕೂರ್ತಿದ್ದೆ. ಅಷ್ಟು ದೊಡ್ಡ ಚರ್ಚಲ್ಲಿ ಹಿಂದೆ ಕೂತರೆ ಯಾರೂ ಮಾತಾಡ್ಸಲ್ಲ, ಅದೇ ಅನುಕೂಲ. ಪೂಜೇಲಿ ನನ್ನ ಬಾಯಿಂದ ಒಂದು ಮಾತೂ ಬರ್ತಿರಲಿಲ್ಲ. ‘ವಿಶ್ವಾಸಿಸುತ್ತೇನೆ’ ಅಂತ ಹೇಳೋ ಜಾಗದಲ್ಲಿ ಸುಮ್ಮನೆ ನಿಂತಿರ್ತಿದ್ದೆ. ಮುಂದಿನ ಬೆಂಚಿನ ಮುದುಕಿಯೊಬ್ಬರು ಗಟ್ಟಿಯಾಗಿ, ರಾಗ ತಪ್ಪಿ, ಎಲ್ಲರಿಗಿಂತ ಒಂದು ಸಾಲು ಹಿಂದೆ ಹೇಳ್ತಿದ್ರು. ಒಂದಿನ ಅನ್ನಿಸ್ತು, ಪರವಾಗಿಲ್ಲ, ಈ ವಾರ ನನ್ನ ಪಾಲಿಂದೂ ಇವರೇ ಹೇಳ್ಲಿ. ನನಗೆ ಕೈ ಹಿಡಿದಿದ್ದು ಅಂದ್ರೆ ಅದು. ನನ್ನ ನಂಬಿಕೆ ಖಾಲಿಯಾದಾಗ ಊರಿನವರ ನಂಬಿಕೆ ಮೇಲೆ ನಡೀತು.

ಮದರ್ ತೆರೇಸಾ ಪತ್ರಗಳು 2007ರಲ್ಲಿ ಹೊರಗೆ ಬಂದ್ವಲ್ಲ, ಅವರು ತೀರ್ಕೊಂಡು ಹತ್ತು ವರ್ಷ ಆದ್ಮೇಲೆ. ದಶಕಗಳ ಕಾಲ ಒಳಗೆ ದೇವರ ಸುಳಿವೇ ಇರಲಿಲ್ಲ ಅಂತ ಬರ್ಕೊಂಡಿದ್ರು. ಅದು ಓದಿ ನಮ್ಮ ಆಫೀಸಲ್ಲಿ ಕೆಲವರು ‘ನೋಡು, ಅವರಿಗೇ ನಂಬಿಕೆ ಇರಲಿಲ್ಲ’ ಅಂದ್ರು. ನನಗೆ ಸಮಾಧಾನ ಆಯ್ತು. ಒಳಗೆ ಏನೂ ಇಲ್ಲ ಅನ್ನಿಸ್ತಿದ್ರೂ ಬೆಳಿಗ್ಗೆ ಎದ್ದು ಯಾರದ್ದೋ ಗಾಯ ತೊಳೀಬಹುದು ಅಂತ ಆಯ್ತಲ್ಲ. ಅಮ್ಮ ಉಳಿದಿಲ್ಲ. ಅದನ್ನೂ ಹೇಳ್ಬೇಕು, ಇಲ್ಲಾಂದ್ರೆ ನನ್ನ ಕತೆ ಸುಳ್ಳಾಗುತ್ತೆ.

ಗಾಲಿಕುರ್ಚಿ, ಕೊಪ್ಪ

ತಡವಾಗಿ ನೋಡಿದೆ. ನಾನೂ ಬಿದ್ದವನೇ. ಮೆಣಸು ಕೊಯ್ಯುವಾಗ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರ್ತು. ಈಗ ಗಾಲಿಕುರ್ಚಿಯಲ್ಲಿ ಕೂತು ಎಸ್ಟೇಟ್ ಲೆಕ್ಕ ಬರೀತೀನಿ. ಆದ್ದರಿಂದ ಎಲ್ಲರಿಗಿಂತ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ತಕರಾರು. ಇಷ್ಟು ಜನ ಬರೆದಿದ್ದೀರಿ, ಯೋಬ ಬಂದ, ಪೇತ್ರ ಬಂದ, ಬಿದ್ದವನು ಏನಂತಾನೆ ಅಂತ ಯಾರೂ ಕೇಳ್ಲಿಲ್ಲ ಮಾರಾಯ್ರೆ. ನಾನು ಮಲಗಿದ್ದಾಗಲೂ ಹೀಗೇ. ಮಂಚದ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ನನ್ನ ಮೇಲಿಂದ ಮಾತಾಡ್ತಿದ್ರು. ‘ಊಟ ಮಾಡ್ತಾನಾ?’ ‘ಹೂಂ, ಗಂಜಿ ಕುಡೀತಾನೆ.’ ನನಗೆ ಹೋಗಿದ್ದು ಕಾಲು, ಕಿವಿ ಅಲ್ಲ. ಅಕ್ಕ, ಅವರು ಗೋಡೆ ಕಡೆ ನೋಡ್ತಿದಾರೆ ಅಂದ್ರೆ ನಂಬಿಕೆ ಹೋಗಿದೆ ಅಂತ ಅಲ್ಲ, ಬಂದವರ ಮುಖದಲ್ಲಿರೋ ‘ಪಾಪ’ ನೋಡೋಕೆ ಆಗದೆ ಇರಬಹುದು.

ನನಗೆ ಪವಾಡ ಆಗ್ಲಿಲ್ಲ. ಕಾಯ್ದೆ. ಪ್ರತಿ ಸಲ ಪ್ರಾರ್ಥನೆಗೆ ಬಂದವರು ಕಣ್ಣು ಮುಚ್ಚಿದಾಗ ನಾನು ಕಣ್ಣು ಬಿಟ್ಕೊಂಡು ಹೆಬ್ಬೆರಳು ನೋಡ್ತಿದ್ದೆ. ಆಮೇಲೆ ಅವರು ಬರೋದು ಬಿಟ್ರು, ನನಗಿಂತ ಅವರಿಗೇ ನಾಚಿಕೆ ಆಗಿರಬೇಕು. ಭದ್ರಾವತಿ ಅಕ್ಕ, ಇದು ನಿಮಗೆ ಹೇಳಿದ್ದಲ್ಲ, ನಿಮ್ಮ ಅಕ್ಕಿ ಚೀಲದ ಜನ ಬೇರೆ ಥರ ಇದ್ದಾರೆ ಅಂತ ಗೊತ್ತಾಗುತ್ತೆ.

ನನ್ನ ಗಾಳಿ ತಿರುಗಿದ್ದು ವೆಲ್ಲೂರಲ್ಲಿ. ಸಿಎಂಸಿ, ಅಂದ್ರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪುನರ್ವಸತಿ ಕೇಂದ್ರಕ್ಕೆ ಹೋಗಿದ್ದೆ. ಅದನ್ನ ಕಟ್ಟಿದ ಡಾ. ಮೇರಿ ವರ್ಗೀಸ್ ಅವರ ಬಗ್ಗೆ ಅಲ್ಲಿ ಗೊತ್ತಾಯ್ತು. ಕೇರಳದವರು. ಎಳೆ ವಯಸ್ಸಿನ ಡಾಕ್ಟರು, 1954ರಲ್ಲಿ ಗೆಳೆಯರ ಜೊತೆ ಹೋಗುವಾಗ ಗಾಡಿ ಅಪಘಾತ, ಸೊಂಟದ ಕೆಳಗೆ ಹೋಯ್ತು. ನಮ್ಮ ಹಾಗೇ. ಅವರು ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡೋದು ಕಲಿತ್ರು. ನಿಂತ್ಕೊಂಡು ಮಾಡೋಕಾಗಲ್ಲ, ಆದ್ರೆ ಕೈ ಆಪರೇಷನ್ ಕೂತೂ ಮಾಡಬಹುದು ಅಂತ ಲೆಕ್ಕ ನೋಡಿ. ಆಮೇಲೆ ಅಮೆರಿಕಾಕ್ಕೆ ಹೋಗಿ ಪುನರ್ವಸತಿ ವೈದ್ಯಕೀಯ ಓದಿ ಬಂದ್ರು. 1966ರಲ್ಲಿ ಆ ಕೇಂದ್ರ ಶುರುವಾಯ್ತು, 1972ರಲ್ಲಿ ಪದ್ಮಶ್ರೀ ಬಂತು. ಗಟ್ಟಿ ಕ್ರಿಸ್ತಭಕ್ತೆ. ಅವರ ಮೊಣಕಾಲೂ ಮಡಚಲಿಲ್ಲ, ಅವರೂ ಎದ್ದು ನಡೀಲಿಲ್ಲ. ಆದ್ರೆ ಮಂಚದಿಂದ ಕುರ್ಚಿಗೆ ಹೇಗೆ ಜಾರ್ಬೇಕು, ಕುರ್ಚಿ ಮೇಲಿಂದ ಎಷ್ಟು ಹೊತ್ತಿಗೊಮ್ಮೆ ಸೊಂಟ ಎತ್ಬೇಕು, ಮೂತ್ರಕ್ಕೆ ನಾವೇ ನಳಿಕೆ ಹಾಕ್ಕೊಳ್ಳೋದು ಹೇಗೆ, ಇದೆಲ್ಲ ನಾನು ಕಲಿತಿದ್ದು ಅವರು ಕಟ್ಟಿದ ಜಾಗದಲ್ಲಿ. ಸ್ವಂತವಾಗಿ ಮೂತ್ರ ಮಾಡ್ಕೊಂಡ ದಿನ ನಾನು ದೇವರಿಗೆ ಥ್ಯಾಂಕ್ಸ್ ಹೇಳಿದೆ. ನಗ್ಬೇಡಿ. ಬಿದ್ದ ಮೇಲೆ ಅದೇ ನನ್ನ ಮೊದಲ ಪ್ರಾರ್ಥನೆ.

ಇನ್ನೊಂದು ವಿಷಯ, ಇದು ನನ್ನ ಸ್ವಂತದ್ದು. ಯೇಸು ಎದ್ದು ಬಂದ ಮೇಲೆ ತೋಮನಿಗೆ ಕೈ ತೋರಿಸ್ತಾರೆ, ಪಕ್ಕೆ ತೋರಿಸ್ತಾರೆ. ಸಾವನ್ನೇ ಗೆದ್ದವರಿಗೆ ಆ ತೂತು ಮುಚ್ಚೋದು ಕಷ್ಟನಾ? ಹಾಗೇ ಇಟ್ಕೊಂಡ್ರು. ಗುರುತು ಹಿಡಿದಿದ್ದೇ ಅದರಿಂದ. ಹೊಸ ಬಾಳು ಅಂದ್ರೆ ಹಳೇ ಮೈ ವಾಪಸ್ ಬರೋದೇ ಅಂತ ಏನಿಲ್ಲ ಅಂತ ನಾನು ತಿಳ್ಕೊಂಡಿದೀನಿ. ಮೇಷ್ಟ್ರಿಗೆ ಇದು ಸರಿಯೋ ತಪ್ಪೋ ಗೊತ್ತಿಲ್ಲ.

ಯಜಮಾನರು ಒಪ್ಪಿದ್ರೆ ಫೋನ್ ಕೊಡಿ. ದೇವರ ಮಾತು ಎತ್ತಲ್ಲ. ಏಣಿ, ಮರ, ಬೆಡ್‌ಪ್ಯಾನ್ ಬಗ್ಗೆ ಮಾತಾಡ್ತೀವಿ.

ಹಳೇ ಮೇಷ್ಟ್ರು

ತಪ್ಪೇನಿಲ್ಲ. ನಾನು ಇಷ್ಟು ವರ್ಷ ಕಲಿಸಿದ್ದಕ್ಕಿಂತ ಚೆನ್ನಾಗಿದೆ.

ನಿರ್ವಾಹಕರು

ಒಂದು ಸಣ್ಣ ಸೂಚನೆ. ‘ಈ ಎಣ್ಣೆ ಹಚ್ಚಿ, ಔಷಧಿ ನಿಲ್ಲಿಸಿ’ ಎಂದು ಬಂದಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಪ್ರಾರ್ಥನೆ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ, ವೈದ್ಯರ ಚಿಕಿತ್ಸೆ ಬಿಡಿ ಎನ್ನುವಂತಿಲ್ಲ. ಮನಸ್ಸು ತೀರಾ ಕುಸಿದಂತಾದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಇದು ರೋಗಿಗೆ ಮಾತ್ರವಲ್ಲ, ನೋಡಿಕೊಳ್ಳುವವರಿಗೂ.

ತೋಟದಮನೆ, ತೀರ್ಥಹಳ್ಳಿ

ಎಲ್ಲ ಓದಿದೆ. ಕೆಲವನ್ನ ಎರಡು ಸಲ. ಕೊಪ್ಪದ ಅಣ್ಣ, ನೀವು ಬರೆದಿದ್ದನ್ನ ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ‘ನನಗೆ ಹೋಗಿದ್ದು ಕಾಲು, ಕಿವಿ ಅಲ್ಲ’ ಅನ್ನೋದು ಬಂದಾಗ ನನ್ನ ಕಡೆ ತಿರುಗಿ ‘ನಂಬರ್ ಇದ್ಯಾ?’ ಅಂದ್ರು. ನಿಮಗೆ ಮೆಸೇಜ್ ಹಾಕಿದೀನಿ.

88ನೇ ಕೀರ್ತನೆ ಓದಿದೆ ಮೇಷ್ಟ್ರೇ. ಇದನ್ನ ಚರ್ಚಲ್ಲಿ ಯಾವತ್ತೂ ಕೇಳಿದ ನೆನಪಿಲ್ಲ. ದಿನಾ ಅದೊಂದನ್ನೇ ಓದ್ತೀನಿ ಈಗ, ತೇರ್ಸ್ ಬದಲು. ಅತ್ತೆ ‘ಇದೆಂತ ಪ್ರಾರ್ಥನೆ, ಅಪಶಕುನ’ ಅಂತಿದಾರೆ.

ಒಂದು ಕೇಳ್ಬೇಕಿತ್ತು. ನಮ್ಮ ಧರ್ಮಕೇಂದ್ರದ ಫಾದರ್ ಎಣ್ಣೆ ಹಚ್ಚೋ ಸಂಸ್ಕಾರ ಕೊಡ್ತೀನಿ, ಬರ್ಲಾ ಅಂತ ಕೇಳಿದಾರೆ. ಅತ್ತೆ ಬೇಡವೇ ಬೇಡ ಅಂತಾರೆ, ಅದು ಸಾಯೋರಿಗೆ ಕೊಡೋದು ಅಂತ. ಹೌದಾ?

ಮಲೆನಾಡಿನ ಒಬ್ಬ ಫಾದರ್

ಅಮ್ಮ, ನಿಮ್ಮ ಅತ್ತೆಯವರ ಭಯ ನನಗೆ ಅರ್ಥವಾಗುತ್ತದೆ. ಅವರ ಕಾಲದಲ್ಲಿ ಅದನ್ನು ಕೊಡುತ್ತಿದ್ದುದು ಉಸಿರು ಎಳೆಯುತ್ತಿರುವಾಗಲೇ. ಫಾದರ್ ಎಣ್ಣೆ ಡಬ್ಬಿ ಹಿಡಿದು ಬಂದರೆ ಮನೆಯವರು ಹೆಣದ ಪೆಟ್ಟಿಗೆಗೆ ಹೇಳಿ ಕಳಿಸುತ್ತಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ ಆರನೇ ಪೌಲ್ ಪೋಪರು ಈ ಸಂಸ್ಕಾರದ ಕ್ರಮವನ್ನು ಬದಲಾಯಿಸಿದರು. ಈಗ ಅದು ಗಂಭೀರ ಕಾಯಿಲೆಯಲ್ಲಿರುವ ಯಾರಿಗೂ, ದೊಡ್ಡ ಆಪರೇಷನ್‌ಗೆ ಮುಂಚೆ ಕೂಡ, ಮತ್ತೆ ಮತ್ತೆ ಕೊಡಬಹುದಾದದ್ದು. ಹಣೆಗೆ, ಕೈಗಳಿಗೆ ಎಣ್ಣೆ. ನಾನು ಕೊಡುವಾಗ ಮನೆಯಲ್ಲಿ ನೋಡಿಕೊಳ್ಳುವವರನ್ನೂ ಹತ್ತಿರ ಕರೆದು ನಿಲ್ಲಿಸಿಕೊಳ್ಳುತ್ತೇನೆ, ಎಣ್ಣೆ ರೋಗಿಗೆ ಆದರೂ ಸುಸ್ತು ಇಬ್ಬರಿಗೂ ಇರುತ್ತದೆ. ಆದರೆ ಯಜಮಾನರನ್ನು ಕೇಳಿ. ಬೇಡವೆಂದರೆ ಬೇಡ. ಮೈ ಅವರದ್ದು.

ಬೇರೆ ಫಾದರ್‌ಗಳು ಏನು ಹೇಳುತ್ತಾರೋ, ನನ್ನ ಅಭಿಪ್ರಾಯ ಇದು. ಯಾಕೆ ಹೀಗಾಯಿತು ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಮೊದಮೊದಲು ಪ್ರತಿ ಸಾವಿನ ಮನೆಯಲ್ಲೂ ಏನಾದರೂ ಹೇಳಬೇಕು ಅನ್ನಿಸುತ್ತಿತ್ತು, ಈಗ ಅನ್ನಿಸುವುದಿಲ್ಲ. ಎಲೀಯನ ಕತೆಯನ್ನು ನೆನಪಿಸಿಕೊಳ್ಳುತ್ತೇನೆ, ಅರಸುಗಳ ಮೊದಲ ಗ್ರಂಥ 19ನೇ ಅಧ್ಯಾಯ. ಸಾಕು ಕರ್ತನೇ, ಜೀವ ತೆಗೆದುಬಿಡು ಎಂದು ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿಗೆ ದೇವದೂತ ಬುದ್ಧಿವಾದ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ಎದ್ದು ತಿನ್ನು ಎಂದ. ತಿಂದು ಮತ್ತೆ ಮಲಗಿದ. ಇನ್ನೊಮ್ಮೆ ಎಬ್ಬಿಸಿ ತಿನ್ನಿಸಿದ. ದೇವರು ಮಾತಾಡಿದ್ದೆಲ್ಲ ಆಮೇಲೆ. ನಿಮ್ಮ ವಾಡೊದ (ಚರ್ಚಿನ ವಾರ್ಡಿನ) ಮುಖ್ಯಸ್ಥರಾದ ಗುರ್ಕಾರರಿಗೆ ಯಾರಾದರೂ ಹೇಳಿ, ರಾತ್ರಿ ಒಬ್ಬರು ಬಂದು ಮಗ್ಗುಲು ಬದಲಾಯಿಸುವ ಪಾಳಿ ಹಿಡಿದರೆ ಈ ಅಮ್ಮ ನಿದ್ದೆ ಮಾಡಬಹುದು. ಸೊಸೈಟಿ ಆಫ್ ಸೇಂಟ್ ವಿನ್ಸೆಂಟ್ ದಿ ಪಾಲ್ ನಿಮ್ಮಲ್ಲಿದ್ದರೆ ಅವರ ಕೆಲಸವೇ ಇದು.

ಸಂದೇಹಿಯವರೇ, ನಿಮ್ಮನ್ನು ಒಳಗೆ ಬನ್ನಿ ಎಂದು ಕರೆಯುವುದಿಲ್ಲ. ಅತ್ತಿಗೆ, ಮಗು ಹೇಗಿದ್ದಾರೆ?

ಸಾಗರದ ಸಂದೇಹಿ

ಮಗು ಶಾಲೆಗೆ ಹೋಗ್ತಿದೆ ಫಾದರ್. ಅತ್ತಿಗೆ ಹೊಲಿಗೆ ಮಾಡ್ತಾರೆ. ಅವರು ಪ್ರತಿ ಭಾನುವಾರ ಚರ್ಚಿಗೆ ಹೋಗ್ತಾರೆ, ನಾನು ಬೈಕಲ್ಲಿ ಬಿಟ್ಟು ಹೊರಗೆ ಕಾಯ್ತೀನಿ. ಅವರು ಅಲ್ಲಿಗೆ ಹೇಗೆ ಹೋಗ್ತಾರೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಒಂದ್ಸಲ ಕೇಳಿದ್ದೆ. ‘ನಿಮ್ಮಣ್ಣನ ಹೆಸರನ್ನ ಊರಲ್ಲಿ ಇನ್ನೂ ಗಟ್ಟಿಯಾಗಿ ಹೇಳೋ ಜಾಗ ಅದೊಂದೇ’ ಅಂದ್ರು. ನವೆಂಬರ್ 2ಕ್ಕೆ ಸತ್ತವರ ಹೆಸರು ಓದ್ತಾರಲ್ಲ, ಅದು.

ಹೊಸನಗರದ ಅಡಿಕೆ

ನಾನು ಕ್ರಿಶ್ಚಿಯನ್ ಅಲ್ಲ, ಗೆಳೆಯನೊಬ್ಬ ಇದನ್ನ ಕಳಿಸಿದ. ಬೈಬಲ್ ವಿಷಯ ನನಗೆ ತಿಳಿಯಲ್ಲ. ತೋಟದ ವಿಷಯ ತಿಳಿಯುತ್ತೆ.

ಅಕ್ಕ, ಕೊಯ್ಲಿಗೆ ಏನು ಮಾಡ್ತೀರಿ? ಗಾಬರಿಯಲ್ಲಿ ಫಸಲನ್ನ ಚೇಣಿಗೆ (ಗುತ್ತಿಗೆಗೆ) ಕೊಟ್ಟುಬಿಡಬೇಡಿ. ಇಂಥ ಹೊತ್ತಲ್ಲಿ ಬಂದು ದುಡ್ಡು ಮುಂಗಡ ಇಟ್ಟು ಕಮ್ಮಿಗೆ ಬರೆಸ್ಕೊಳ್ಳೋರು ಇರ್ತಾರೆ, ಕಣ್ಣಾರೆ ನೋಡಿದೀನಿ. ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸ್ ಸದಸ್ಯತ್ವ ಇದ್ರೆ ಸಂಘದಲ್ಲಿ ಏನು ನೆರವಿದೆ ಕೇಳಿ, ಸಹಕಾರ ಸಂಘದವರ ಆರೋಗ್ಯ ಯೋಜನೆ ಯಶಸ್ವಿನಿ ಮಾಡಿಸಿದ್ರಾ ನೋಡಿ. ನಮ್ಮಲ್ಲಿ ಹಿಂದೆ ಮುಯ್ಯಾಳು ಪದ್ಧತಿ ಇತ್ತು, ಇವತ್ತು ನಿಮ್ಮನೆಗೆ ನಾವು, ನಾಳೆ ನಮ್ಮನೆಗೆ ನೀವು. ಈಗ ಸುಲಿಯೋ ಮಷೀನು ಬಂದು ಅದು ಹೋಯ್ತು. ಆದ್ರೂ ಇಂಥದ್ದಕ್ಕೆ ಜನ ಸೇರ್ತಾರೆ. ನಮ್ಮೂರಲ್ಲಿ ಒಬ್ಬ ಸಾಹೇಬರಿಗೆ ಹಾರ್ಟ್ ಆಪರೇಷನ್ ಆದಾಗ ಇಡೀ ಕೊಯ್ಲು ಊರವರೇ ಮುಗಿಸಿದ್ವಿ. ಮುಯ್ಯಿ ವಾಪಸ್ ಬೇಕು ಅಂತ ಯಾರೂ ಕೇಳಲ್ಲ.

ಮರ ಹತ್ತೋದು ಮಾತ್ರ ಬೇಡ. ಕೆಳಗೇ ನಿಂತು ಕೊಯ್ಯೋ ಫೈಬರ್ ದೋಟಿ ಬಂದಿದೆಯಲ್ಲ, ಅದನ್ನ ಹಿಡಿಯೋಕೆ ಬರೋರು ಇಬ್ಬರು ಸಿಕ್ಕಿದ್ರೆ ನಿಮ್ಮಷ್ಟು ತೋಟ ಬೇಗ ಮುಗಿಯುತ್ತೆ. ಒಂದು ಕಡೆಯಿಂದ ಎಷ್ಟು ಮರ ಇದೆ ಹೇಳಿ.

ಭದ್ರಾವತಿಯ ಸಾಕ್ಷಿ

ನಮ್ಮ ಸಭೆಯಿಂದ ಅಡಿಕೆ ಹೆಕ್ಕೋಕೆ, ಬೇಯಿಸೋಕೆ ಹೆಂಗಸರು ಆರೇಳು ಜನ ಬರ್ತೀವಿ. ಹಾಡ್ತೀವಿ, ಅದಕ್ಕೆ ಬೇಡ ಅನ್ನಬೇಡಿ.

ಗಾಲಿಕುರ್ಚಿ, ಕೊಪ್ಪ

ನಿನ್ನೆ ರಾತ್ರಿ ಫೋನಲ್ಲಿ ಮಾತಾಡಿದ್ವಿ. ಏನು ಮಾತಾಡಿದ್ವಿ ಅಂತ ಇಲ್ಲಿ ಹೇಳಲ್ಲ, ಅದು ನಮ್ಮಿಬ್ಬರದ್ದು. ಒಂದು ಮಾತ್ರ ಹೇಳಬಹುದು ಅಂದಿದಾರೆ: ತೋಟದ ಕೆಲಸ ನಡೆಯುವಾಗ ಅವರನ್ನ ಹೊರಗೆ ಅಂಗಳಕ್ಕೆ ತರಬೇಕಂತೆ, ಯಾವ ಮರಕ್ಕೆ ಮೊದಲು ಕೈ ಹಾಕ್ಬೇಕು ಅಂತ ಅವರೇ ಹೇಳ್ತಾರಂತೆ. ಒರಗು ಎತ್ತರ ಇರೋ ಗಾಲಿಕುರ್ಚಿ ಬೇಕು. ನನ್ನ ಹಳೇದು ಇದೆ, ಟೈರ್ ಹಾಕಿಸ್ಬೇಕು.

ವಾರ್ಡ್ ಸಿಸ್ಟರ್

ಕುರ್ಚಿಗೆ ಕೂರಿಸೋ ಮುಂಚೆ ಆಪರೇಷನ್ ಮಾಡಿದ ಡಾಕ್ಟ್ರನ್ನ ಕೇಳಿ, ಎಷ್ಟು ಹೊತ್ತು ಕೂರಬಹುದು ಅಂತ. ಮೊದಲ ದಿನ ತಲೆ ಸುತ್ತುತ್ತೆ, ಸ್ವಲ್ಪ ಸ್ವಲ್ಪ ಎತ್ತರ ಮಾಡ್ತಾ ಹೋಗಿ. ಕೆಳಗೆ ಗಾಳಿ ತುಂಬಿದ ಕುಶನ್ ಇರಲಿ. ಏರ್ ಬೆಡ್ ಒಂದು ಸಿಕ್ಕಿದೆ, ತೀರ್ಥಹಳ್ಳಿ ಬಸ್ಸಿಗೆ ಹಾಕಿ ಕಳಿಸ್ತೀನಿ.

ತೋಟದಮನೆ, ತೀರ್ಥಹಳ್ಳಿ

ಮರ ನಾನೂರೈವತ್ತು ಇರಬಹುದು ಅಣ್ಣ, ಫಸಲು ಬರೋದು ಅದರಲ್ಲಿ ಮುಕ್ಕಾಲು. ಚೇಣಿಯವರು ಆಗಲೇ ಒಬ್ಬರು ಬಂದು ಹೋಗಿದಾರೆ, ನೀವು ಹೇಳಿದ್ದು ನೋಡಿ ಆಮೇಲೆ ಹೇಳ್ತೀನಿ ಅಂದೆ. ಭದ್ರಾವತಿ ಅಕ್ಕ, ಬನ್ನಿ, ಹಾಡಿ. ಗುಣ ಆಗುತ್ತೆ ಅಂತ ಅವರ ಮುಂದೆ ಹೇಳ್ಬೇಡಿ, ಅಷ್ಟೇ ಕೇಳೋದು. ನೀವು ನಿಮ್ಮ ಮನೇಲಿ ದೇವರ ಹತ್ರ ಏನು ಬೇಕಾದ್ರೂ ಕೇಳ್ಕೊಳ್ಳಿ.

ಎಣ್ಣೆ ಸಂಸ್ಕಾರಕ್ಕೆ ಅವರು ಇನ್ನೂ ಹೂಂ ಅಂದಿಲ್ಲ ಫಾದರ್, ಬೇಡ ಅಂತಾನೂ ಅಂದಿಲ್ಲ. ನನಗೆ ‘ನಮಾನ್ ಮರಿಯೆ’ ಇನ್ನೂ ಬಂದಿಲ್ಲ. ಗುರ್ಕಾರರ ಮಗ ಸೋಮವಾರದಿಂದ ರಾತ್ರಿ ಬರ್ತಿದಾನೆ, ಮಗ್ಗುಲು ಬದಲಾಯಿಸೋಕೆ. ಮೊನ್ನೆ ಐದು ಗಂಟೆ ಒಂದೇ ಸಮ ಮಲಗಿದೆ.

ದೋಟಿ ಮಾತ್ರ ಎಲ್ಲೂ ಸಿಕ್ತಿಲ್ಲ. ಎಲ್ಲರಿಗೂ ಈಗಲೇ ಬೇಕು.

ಸಾಗರದ ಸಂದೇಹಿ

ದೋಟಿ ನನ್ನ ಹತ್ರ ಇದೆ. ಹಿಡಿಯೋಕೂ ಬರುತ್ತೆ. ಜೊತೆಗೆ ಇನ್ನೊಬ್ಬನನ್ನ ಕರ್ಕೊಂಡು ಬರ್ತೀನಿ. ಯಾವ ವಾರ ಅಂತ ಹೇಳಿ, ಭಾನುವಾರ ಬೆಳಿಗ್ಗೆ ಮಾತ್ರ ಆಗಲ್ಲ, ಅತ್ತಿಗೇನ ಬಿಡ್ಬೇಕು.